ಇಪ್ಪತ್ತಾರು ಉಸಿರು

ಫಲಕದ ಮೇಲೆ ಅಚ್ಚಾಗಬೇಕಾದ ನಾಲ್ಕು ಸಾಲನ್ನು ಮಿಸ್ ಓಂಗ್ ಮೊದಲೇ ಕಳಿಸಿಕೊಟ್ಟಿದ್ದಳು. ‘ತಪ್ಪಿದ್ದರೆ ತಿದ್ದಿ ಕಳಿಸಿ’ ಎಂದು ಕೆಳಗೆ ಬರೆದಿದ್ದಳು. ಡಾರ್ಲೀನ್ ಹಾಸ್ಕಿನ್ಸ್ ಆ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಒರೆಸಿಕೊಂಡು, ಮೂರು ಸಲ ಓದಿದಳು. ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿತ್ತು, ಸೇರಿಸಿದಳು. ಕೆಲಸಕ್ಕೆ ಸೇರಿದ್ದು 1990ರಲ್ಲಲ್ಲ, 1991ರಲ್ಲಿ, ತಿದ್ದಿದಳು. ಕೈಯಲ್ಲಿದ್ದದ್ದು ಹೂಜಿ, ದೀಪವಲ್ಲ, ಅದನ್ನೂ ತಿದ್ದಿದಳು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ‘ಹದಿನೇಳು ವರ್ಷದಲ್ಲಿ ಒಮ್ಮೆಯೂ, ಕಾಲ ಬುಡದಲ್ಲೇ ಮನುಷ್ಯ ಬಿದ್ದಾಗಲೂ, ಅಲುಗಾಡದ ಅಮೃತಶಿಲೆಯ ಕನ್ಯೆ.’ ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅಕ್ಷರಕ್ಷರವೂ ನಿಜ. ಕಾಗದ ಮಡಚಿ ಲಕೋಟೆಗೆ ತುರುಕಿ, ಅಂಟು ನೆಕ್ಕಿ, ಅಂಚೆ ಡಬ್ಬಕ್ಕೆ ಹಾಕಿ ಬಂದಳು. ಬಂದ ಮೇಲೆ ಮಧ್ಯಾಹ್ನದ ಊಟವನ್ನು ಹಾಗೇ ಮುಚ್ಚಿಟ್ಟಳು.

ಅವಳು ಕೆಲಸ ಮಾಡಿದ್ದ ಟ್ರಾಯ್ ಹೋಟೆಲನ್ನು ಆ ಬೇಸಿಗೆ ಮುಗಿಯುವುದರೊಳಗೆ ಕೆಡವುವವರಿದ್ದರು. ಲಾಸ್ ವೇಗಸ್‌ನಲ್ಲಿ ಐವತ್ತು ದಾಟಿದ ಹೋಟೆಲೆಂದರೆ ತೊಂಬತ್ತು ದಾಟಿದ ಮುದುಕಿಯ ಹಾಗೆ. ಇನ್ನೂ ಇದ್ದಾಳಾ ಎಂದು ಜನ ಕೇಳುತ್ತಾರೆ. ಕೆಡವುವ ಮೊದಲು ಹಳೆಯ ಕೆಲಸಗಾರರನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಕರೆಸಿ, ಊಟ ಹಾಕಿ, ಅವರ ನೆನಪುಗಳನ್ನು ಬರೆದಿಟ್ಟುಕೊಳ್ಳುವುದೆಂದು ಊರಿನ ವಸ್ತುಸಂಗ್ರಹಾಲಯದವರು ಗೊತ್ತುಮಾಡಿದ್ದರು. ಓಂಗ್ ಅಲ್ಲಿಯವಳು.

ಡಾರ್ಲೀನ್ ಹೋಟೆಲಿಗೆ ಒಂದು ಗಂಟೆ ಮುಂಚೆಯೇ ಹೋದಳು. ತಡವಾಗಿ ಹೋಗಿ ಎಲ್ಲರ ಕಣ್ಣಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು. ಒಳಗಿನ ದೊಡ್ಡ ಅಂಗಳದ ಗೋಡೆಗುಂಟ ಚಿತ್ರಗಳನ್ನು ತೂಗುಹಾಕಿದ್ದರು. 1967ರಲ್ಲಿ ಹೋಟೆಲ್ ಕಟ್ಟಿಸಿದ ಮನುಷ್ಯ ಮೊದಲು ಫ್ರಿಜ್ ಮಾರುತ್ತಿದ್ದವನು. ಗ್ರೀಕ್ ಕಥೆಯ ಟ್ರಾಯ್ ಪಟ್ಟಣ ಸುಟ್ಟುಹೋಗಿದ್ದು ಅವನಿಗೆ ಗೊತ್ತಾದದ್ದು ಅಡಿಪಾಯ ಹಾಕಿದ ಮೇಲೆ ಎಂದು ಹಳಬರು ನಗುತ್ತಿದ್ದರು. ಗೊತ್ತಾದದ್ದೇ ಒಳ್ಳೆಯದಾಯಿತು, ಸುಡುವುದನ್ನೇ ಆಟ ಮಾಡಿದ. ದಿನಾ ಸಂಜೆ ಆರಕ್ಕೆ, ಏಳಕ್ಕೆ, ಎಂಟಕ್ಕೆ ಮುಂದಿನ ಕೋಟೆ ಗ್ಯಾಸಿನ ಬೆಂಕಿಯಲ್ಲಿ ಉರಿಯುತ್ತಿತ್ತು. ಪ್ರತಿ ಸಲವೂ ಕಾಲು ಗಂಟೆಯೊಳಗೆ ಮತ್ತೆ ಹೊಸದರಂತೆ ನಿಲ್ಲುತ್ತಿತ್ತು. ಬಾಗಿಲಲ್ಲಿ ಅರವತ್ತಡಿಯ ಮರದ ಕುದುರೆ, ಅದರ ಹೊಟ್ಟೆಯೊಳಗೆ ಕುಡಿಯುವ ಬಾರ್. ಒಮ್ಮೆ ಕುದುರೆಯ ಬಾಲಕ್ಕೆ ನಿಜವಾಗಿ ಬೆಂಕಿ ಹತ್ತಿದಾಗ ಜನ ನಿಂತು ಚಪ್ಪಾಳೆ ತಟ್ಟಿದ್ದರಂತೆ; ಅಗ್ನಿಶಾಮಕದವರು ಬಂದಾಗ ಇನ್ನೂ ಜೋರಾಗಿ ತಟ್ಟಿದರಂತೆ. ಕುಸ್ತಿ, ಹಾಡುಗಾರ್ತಿಯರು, ಆನೆಯ ಮೇಲೆ ಬರುತ್ತಿದ್ದ ಮದುಮಕ್ಕಳು, ಎಲ್ಲದರ ಚಿತ್ರವೂ ಇತ್ತು.

ಅಂಗಳದ ನಡುವೆ ಅವಳು ಜೀವಂತ ಪ್ರತಿಮೆಯಾಗಿ ನಿಲ್ಲುತ್ತಿದ್ದ ಪೀಠ ಇನ್ನೂ ಇತ್ತು. ಅದರ ಪಕ್ಕದಲ್ಲೇ ಅವಳ ಫಲಕ. ಬಿಳಿ ಬಣ್ಣ ಬಳಿದುಕೊಂಡು, ಹೂಜಿ ಭುಜಕ್ಕೆತ್ತಿ ನಿಂತ ಮೂವತ್ತೊಂಬತ್ತು ವರ್ಷದ ಡಾರ್ಲೀನ್. ಚಿತ್ರದ ಕೆಳಗಿನ ಅಂಚನ್ನು ಕತ್ತರಿಸಿಬಿಟ್ಟಿದ್ದರು. ಕತ್ತರಿಸಿದ ಕಡೆ ಏನಿತ್ತೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಎಮೆಟ್ ಟಾಲಿವರ್ ಬಿದ್ದಿದ್ದ.

ಎಮೆಟ್ ಆ ಕಾಲದಲ್ಲಿ ಸಾಮಾನು ಹೊರುವವರ ಮೇಸ್ತ್ರಿ. ಟ್ರಾಯ್‌ನಲ್ಲಿ ಸಾಮಾನು ಹೊರುವವರಿಗೂ ಸೈನಿಕರ ವೇಷ. ಪ್ಲಾಸ್ಟಿಕ್ಕಿನ ಎದೆಗವಚ, ಕೆಂಪು ಜುಟ್ಟಿನ ಶಿರಸ್ತ್ರಾಣ, ಕಾಲಿಗೆ ಚಪ್ಪಲಿ. ಲೂಯಿಸಿಯಾನದ ಟಲೂಲಾ ಎಂಬ ಊರಿನಿಂದ ಬಂದವನು, ಡಾರ್ಲೀನ್‌ಗಿಂತ ಇಪ್ಪತ್ತು ವರ್ಷ ದೊಡ್ಡವನು, ಅವಳನ್ನು ‘ಕಲ್ಲಮ್ಮ’ ಎಂದೇ ಕರೆಯುತ್ತಿದ್ದ. ಇಬ್ಬರ ನಡುವೆ ಒಂದು ಪಂಥ ಇತ್ತು. ಅವನು ಅವಳನ್ನು ಅಲುಗಾಡಿಸಿದರೆ ಅವಳು ಅವನಿಗೆ ಸಿಹಿಗೆಣಸು ತುಂಬಿ ಬೇಯಿಸಿದ ಪೈ ತಂದುಕೊಡಬೇಕು; ಆಗದಿದ್ದರೆ ಗುರುವಾರ ಕೆಲಸಗಾರರ ಕ್ಯಾಂಟೀನಿನಲ್ಲಿ ಅವನೇ ಅವಳಿಗೆ ತರಬೇಕು. ಎಂಟು ವರ್ಷ ಅವನೇ ತಂದ. ಮೂಗಿನ ಕೆಳಗೆ ಈರುಳ್ಳಿ ಹಿಡಿದ. ಚಾವಿ ಕೊಟ್ಟ ಇಲಿಯನ್ನು ಪೀಠದ ಮೇಲೆ ಬಿಟ್ಟ. ಒಮ್ಮೆ ಮುಖ ಗಂಭೀರ ಮಾಡಿಕೊಂಡು ಬಂದು, “ಕಲ್ಲಮ್ಮ, ಹಿಂದಿನ ಜಿಪ್ಪು ಬಿಚ್ಕೊಂಡಿದೆ, ನಾನೇನೂ ನೋಡಿಲ್ಲ” ಎಂದು ಹೇಳಿ ಹೋದ. ಸರದಿ ಮುಗಿಯುವವರೆಗಿನ ಇಪ್ಪತ್ತು ನಿಮಿಷವನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು.

ಪ್ರತಿಮೆಯಾಗಿ ನಿಲ್ಲುವವರು ಹೊತ್ತನ್ನು ಉಸಿರಿನಲ್ಲಿ ಎಣಿಸುತ್ತಾರೆ. ನಿಮಿಷಕ್ಕೆ ಒಂಬತ್ತು ಉಸಿರು, ಎದೆ ಏರದ ಹಾಗೆ. ಅವರಿಗೆ ಎರಡೇ ನಿಯಮ. ಕೆಮ್ಮು ಬಂದರೆ ನುಂಗಬೇಕು. ಯಾರಾದರೂ ಎದುರಿಗೆ ಬಿದ್ದರೆ ನೋಡಬಾರದು. ತಿಂಗಳಿಗೆ ಇಬ್ಬರು ಮೂವರು ಪ್ರವಾಸಿಗಳು ಬೇಕೆಂದೇ ಮೂರ್ಛೆ ಬೀಳುತ್ತಿದ್ದರು. ಪ್ರತಿಮೆ ಹೌಹಾರಿ ಕೆಳಗಿಳಿದರೆ ನಕ್ಕು ಎದ್ದು ಹೋಗುತ್ತಿದ್ದರು.

1999ರ ಜುಲೈ. ಅವತ್ತು ಮೇಲಿನ ಮಹಡಿಯ ಕಟಾಂಜನದ ಹಿಂದೆ ಮನರಂಜನೆಯ ಮುಖ್ಯಸ್ಥ ನಿಂತಿದ್ದ. ಏಳು ಪ್ರತಿಮೆಗಳಲ್ಲಿ ಮೂರನ್ನು ಉಳಿಸಿಕೊಳ್ಳುತ್ತಾರೆ, ಯಾರನ್ನೆಂದು ಅವತ್ತೇ ನೋಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಎಮೆಟ್ ಸಾಮಾನಿನ ಗಾಡಿ ತಳ್ಳಿಕೊಂಡು ಬಂದು, ಅವಳೆದುರು ನಿಂತು, ಏನೋ ಹೇಳಹೊರಟವನಂತೆ ಬಾಯಿ ತೆರೆದು, ಮೆಲ್ಲಗೆ ಜಾರಿ ನೆಲಕ್ಕೆ ಬಿದ್ದ. ಶಿರಸ್ತ್ರಾಣ ಉರುಳಿ ಬಂದು ಪೀಠಕ್ಕೆ ತಾಗಿ ನಿಂತಿತು. ಸೈನಿಕನ ವೇಷದವನು ಬಿದ್ದರೆ ಅದು ಆಟವಲ್ಲದೆ ಇನ್ನೇನು? ಜನ ಚಪ್ಪಾಳೆ ತಟ್ಟಿದರು. ಚಿತ್ರ ತೆಗೆದರು. ಅವಳೂ ಒಳಗೊಳಗೇ ನಕ್ಕಳು. ಇವತ್ತು ಚೆನ್ನಾಗಿ ಮಾಡಿದ ಮುದುಕ ಎಂದುಕೊಂಡಳು.

ಇಷ್ಟನ್ನು ಅವಳು ಹೋಟೆಲಿನವರು ಆಮೇಲೆ ನಡೆಸಿದ ವಿಚಾರಣೆಯಲ್ಲಿ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ಯಾರಾದರೂ ಹಾಗೇ ತಿಳಿಯುತ್ತಿದ್ದರು.

ಹೇಳದೆ ಉಳಿದದ್ದು ಬೇರೆ. ಒಂಬತ್ತನೆಯ ಉಸಿರಿಗೆ ಅವಳಿಗೆ ಗೊತ್ತಾಗಿತ್ತು. ಅವನ ಬಾಯಿಯ ಒಂದು ಪಕ್ಕ ಮೇಣದ ಹಾಗೆ ಇಳಿಬಿದ್ದಿತ್ತು, ಒಂದು ಕೈಯ ಬೆರಳು ನೆಲವನ್ನು ಕೆರೆಯುತ್ತಿತ್ತು, ತೆರೆದ ಕಣ್ಣು ಅವಳನ್ನೇ ನೋಡುತ್ತಿತ್ತು. ಆಟ ಆಡುವ ಎಮೆಟ್‌ನ ಕಣ್ಣನ್ನು ಅವಳು ಎಂಟು ವರ್ಷದಿಂದ ಬಲ್ಲಳು. ಇದು ಆ ಕಣ್ಣಲ್ಲ. ಈಗ ಇಳಿಯಬೇಕು ಅಂದುಕೊಂಡಳು. ಕಟಾಂಜನದ ಹಿಂದಿನ ನೆರಳು ಕಂಡಿತು. ಇನ್ಯಾರಾದರೂ ನೋಡುತ್ತಾರೆ ಅಂದುಕೊಂಡಳು. ಹತ್ತು, ಹನ್ನೊಂದು, ಹನ್ನೆರಡು. ಮೂವತ್ತೈದನೆಯ ಉಸಿರಿಗೆ ನೆಲ ಒರೆಸುವವಳೊಬ್ಬಳು ಬಂದು ಅವನ ಮುಖ ನೋಡಿ ಕೂಗಿಕೊಂಡಳು. ಉಳಿಸಿಕೊಂಡ ಮೂವರಲ್ಲಿ ಡಾರ್ಲೀನ್ ಮೊದಲನೆಯವಳು. “ಶಿಸ್ತು ಅಂದ್ರೆ ಇದು” ಎಂದಿದ್ದ ಮುಖ್ಯಸ್ಥ.

ಆಸ್ಪತ್ರೆಗೆ ಒಂದೇ ಸಲ ಹೋಗಿದ್ದಳು, ಹೂ ಹಿಡಿದುಕೊಂಡು. ಎಮೆಟ್‌ನ ಹೆಂಡತಿ ಜೊನೆಟ್ಟ ಅವಳನ್ನು ಬಾಚಿ ತಬ್ಬಿಕೊಂಡು, “ನಿಂದೇನೂ ತಪ್ಪಿಲ್ಲ ಮಗಳೇ” ಎಂದು ಬೆನ್ನು ಸವರಿದ್ದಳು. ಆ ಕೈ ಬೆನ್ನ ಮೇಲೆ ಕೆಂಡದ ಹಾಗೆ ಸುಟ್ಟಿತು. ಆಮೇಲೆ ಡಾರ್ಲೀನ್ ಹೋಗಲೇ ಇಲ್ಲ. ಕ್ರಿಸ್ಮಸ್ಸಿಗೆ ಕಾರ್ಡು ಕಳಿಸುತ್ತಿದ್ದಳು, ಇಪ್ಪತ್ತು ವರ್ಷ, ತಪ್ಪದೆ. ಇವತ್ತು ಅವರು ಬರುತ್ತಾರೆಂದು ಓಂಗ್ ಹೇಳಿದ್ದಳು. ಇವತ್ತು ಹೇಳದಿದ್ದರೆ ಇನ್ನು ಹೇಳುವ ಜಾಗವೇ ಇರುವುದಿಲ್ಲ, ಜಾಗವನ್ನೇ ಕೆಡವುತ್ತಾರೆ. ಹೇಳಿದರೆ ಆ ಹೆಂಗಸಿನ ಮುಖ ನೋಡಬೇಕಾಗುತ್ತದೆ. ಬರುವ ದಾರಿಯುದ್ದಕ್ಕೂ ಅವಳು ಹೇಳುವ ಮಾತನ್ನು ಕಾರಿನಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿದ್ದಳು. ಕಾರು ನಿಲ್ಲಿಸಿದಾಗ ಮೊದಲ ಪದವೇ ಮರೆತಿತ್ತು.

ಜನ ಸೇರಿದರು. ಒಂದು ಗಂಟೆಗೆ ಜೊನೆಟ್ಟ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಚರ್ಚಿಗೆ ಹೋಗುವ ನೇರಳೆ ಟೋಪಿ, ಕೈಗೆ ಬಿಳಿ ಗವುಸು. ಲಕ್ವ ಹೊಡೆದ ಮೇಲೆ ಎಮೆಟ್ ಸಣ್ಣಗಾಗಿದ್ದ. ಮುಖದ ಎಡಗಡೆ ನಗುತ್ತಿತ್ತು, ಬಲಗಡೆ ಸುಮ್ಮನಿತ್ತು.

“ನೋಡು ಎಮೆಟ್, ನಿನ್ನ ಕಲ್ಲಮ್ಮ. ಬಾ ಇಲ್ಲಿ ಡಾರ್ಲೀನ್, ನಮ್ಮ ಮೇಜಿಗೇ ಬಾ. ದೂರ ನಿಂತು ಯಾರನ್ನ ಕಾಯ್ತಿದ್ದೀಯ?”

“ಚೆನ್ನಾಗಿದ್ದೀರಾ ಮಿಸ್ ಜೊನೆಟ್ಟ? ಮಿಸ್ಟರ್ ಎಮೆಟ್?”

“ಸರಿ ಸರಿ” ಎಂದ ಎಮೆಟ್.

“ಅವನ ಹತ್ರ ಈಗ ಇರೋದು ನಾಲ್ಕು ಮಾತು. ಸರಿ ಸರಿ, ಹೂಂ, ಬೇಡ, ಪೈ. ಮೂವತ್ತು ವರ್ಷ ನಂಗೆ ಬಾಯಿ ತೆಗೆಯೋಕೆ ಬಿಡಲಿಲ್ಲ. ಈಗ ದೇವರು ನಂಗೆ ಅವಕಾಶ ಕೊಟ್ಟಿದ್ದಾನೆ.”

ಮೇಜಿನಾಚೆ ಕೂತಿದ್ದ ಸಾಲ್ ವೆಂಟ್ರೆಸ್ಕ ಹಿಂದೆ ಹೋಟೆಲಿನ ಜೂಜಿನ ಮೇಜಿನಲ್ಲಿ ಇಸ್ಪೀಟು ಹಂಚುತ್ತಿದ್ದವನು. ಮಾತು ಮುಗಿದಾಗೆಲ್ಲ ಈಗಲೂ ಎರಡು ಕೈ ತಟ್ಟಿ, ಅಂಗೈ ತಿರುಗಿಸಿ ತೋರಿಸುತ್ತಿದ್ದ, ಮೇಲಿನ ಕ್ಯಾಮೆರಾಕ್ಕೆ ಕೈ ಖಾಲಿ ಎಂದು ತೋರಿಸಿದ ಹಾಗೆ. “ಅವಕಾಶ ಕೊಟ್ಟದ್ದು ದೇವರಲ್ಲ ಜೊನೆಟ್ಟ, ಡಾರ್ಲೀನು. ಮನುಷ್ಯ ಕಾಲಡಿ ಸಾಯ್ತಾ ಇದ್ರೂ ಹೂಜಿ ಇಳಿಸಲಿಲ್ಲ ಪುಣ್ಯಾತ್ಗಿತ್ತಿ.”

ಎಲ್ಲರೂ ನಕ್ಕರು. ಡಾರ್ಲೀನ್ ಕರವಸ್ತ್ರವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಅವಳನ್ನೇನೂ ಅನ್ಬೇಡ” ಎಂದಳು ಜೊನೆಟ್ಟ. “ಅವಳಿಗೆ ಹ್ಯಾಗೆ ಗೊತ್ತಾಗ್ಬೇಕು? ತೋಳ ಬಂತು ತೋಳ ಅಂತ ದಿನಾ ಕೂಗಿದವನು ಇವನು. ಅವತ್ತು ನಿಜವಾಗ್ಲೂ ತೋಳ ಬಂತು. ಡಾಕ್ಟರು ಹೇಳಿದ್ರು, ಒಂದೊಂದು ನಿಮಿಷವೂ ಮುಖ್ಯ ಅಂತ. ಎಷ್ಟು ಹೊತ್ತು ಬಿದ್ದಿದ್ರು, ಎಷ್ಟು ಹೊತ್ತು ಬಿದ್ದಿದ್ರು ಅಂತ ಕೇಳಿದ್ದೇ ಕೇಳಿದ್ದು. ನಂಗೇನು ಗೊತ್ತು? ನಾನಿದ್ನಾ ಅಲ್ಲಿ?”

ಎಮೆಟ್ ಫೋರ್ಕನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿದ್ದ. ಡಾರ್ಲೀನ್ ಬಾಯಿ ತೆರೆದಳು. ಮಾತು ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು, ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯೂ ಆಯಿತು.

ಓಂಗ್ ಕೇಳಿದ್ದು ಚಿಕ್ಕ ಉಪಕಾರ. ಪೀಠದ ಮೇಲೆ ಒಂದು ಐದು ನಿಮಿಷ ಹಳೆಯ ಹಾಗೆ ನಿಲ್ಲಬೇಕು, ಚಿತ್ರ ತೆಗೆದುಕೊಳ್ಳುತ್ತಾರೆ. “ಬಣ್ಣ ಬೇಡ ಮ್ಯಾಮ್, ಹೀಗೇ ಚೆಂದ.” ಡಾರ್ಲೀನ್‌ಗೆ ಅರವತ್ತು ತುಂಬಿತ್ತೋ ಇಲ್ಲವೋ, ಮಂಡಿ ಆಗಲೇ ಕೈಕೊಟ್ಟಿತ್ತು. ಇಬ್ಬರು ಕೈ ಹಿಡಿದು ಹತ್ತಿಸಿದರು. ಪ್ಲಾಸ್ಟರಿನ ಹೂಜಿ ಭುಜಕ್ಕೇರಿತು. ಗದ್ದ ತಾನಾಗಿ ಮೇಲೆದ್ದಿತು, ಎಡ ಹಿಮ್ಮಡಿ ತಾನಾಗಿ ಹಿಂದೆ ಸರಿಯಿತು. ಮೈಗೆ ಎಲ್ಲ ನೆನಪಿತ್ತು, ಉಸಿರೆಣಿಕೆಯೂ. ಒಂದು.

ಜನ ಸುತ್ತುಗಟ್ಟಿದರು. “ಡಾರ್ಲೀನ್, ನಿನ್ನ ಕಾರನ್ನ ಎಳ್ಕೊಂಡು ಹೋಗ್ತಿದ್ದಾರೆ” ಎಂದ ಒಬ್ಬ. “ಮೂಗಿನ ಮೇಲೆ ನೊಣ, ಮೂಗಿನ ಮೇಲೆ ನೊಣ” ಎಂದಳು ಹಳೆಯ ಪರಿಚಾರಿಕೆಯೊಬ್ಬಳು. ಸಾಲ್ ಹೂಜಿಯ ಬಾಯಿಗೆ ಊಟದ ಕರವಸ್ತ್ರ ತುರುಕಿದ. ಅವಳು ಅಲುಗಾಡಲಿಲ್ಲ. ಜೊನೆಟ್ಟ ಜನರನ್ನು ಸರಿಸಿ ಗಾಲಿಕುರ್ಚಿಯನ್ನು ಮುಂದಕ್ಕೆ ತಂದು ನಿಲ್ಲಿಸಿದಳು, ಸರಿಯಾಗಿ ಅದೇ ಜಾಗದಲ್ಲಿ. “ನಿನ್ನ ಸರದಿ ಮುದುಕ” ಎಂದಳು.

ಎಮೆಟ್ ತಲೆಯೆತ್ತಿ ಅವಳನ್ನು ನೋಡಿದ. ಏನೋ ಹೇಳಹೊರಟವನಂತೆ ಬಾಯಿ ತೆರೆದ. ಆಮೇಲೆ ಅವನ ತಲೆ ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿತು, ಭುಜ ಕುಸಿಯಿತು, ಎಡಗೈ ಕುರ್ಚಿಯಿಂದ ಜಾರಿ ಕೆಳಗೆ ತೂಗಿತು.

ಜನ ನಕ್ಕು ಚಪ್ಪಾಳೆ ತಟ್ಟಿದರು. ಅದೇ ಚಪ್ಪಾಳೆ. ಅದೇ ಅಂಗಳದಲ್ಲಿ ಅದೇ ಥರ ಮೊಳಗುವ ಸದ್ದು.

ಇನ್ನೊಂದು ಉಸಿರು ಎಣಿಸುವುದಕ್ಕೆ ಅವಳು ಉಳಿಯಲಿಲ್ಲ. ಹೂಜಿ ಬಿದ್ದು ಹೋಳಾಯಿತು. ಪೀಠದಿಂದ ಹೇಗಿಳಿದಳೋ ಗೊತ್ತಿಲ್ಲ, ಮಂಡಿ ನೆಲಕ್ಕೆ ಬಡಿದದ್ದು ಮಾತ್ರ ಗೊತ್ತಾಯಿತು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, “ಎಮೆಟ್, ಎಮೆಟ್, ಇಲ್ಲಿ ನೋಡಿ” ಎಂದಳು.

ಎಮೆಟ್ ಒಂದು ಕಣ್ಣು ತೆರೆದ. ಮುಖದ ಎಡಗಡೆ ಅರಳಿತು.

“ಪೈ” ಎಂದ.

ಅಂಗಳವೇ ಬಿದ್ದುಹೋಗುವ ಹಾಗೆ ನಕ್ಕರು. “ಗೆದ್ದುಬಿಟ್ಟ ನೋಡು ಕೊನೆಗೂ” ಎಂದು ಸಾಲ್ ಕೈ ತಟ್ಟಿ ಅಂಗೈ ತೋರಿಸಿದ. ಜೊನೆಟ್ಟ ನಕ್ಕು ನಕ್ಕು ಟೋಪಿ ಸರಿಮಾಡಿಕೊಂಡಳು. “ಏಳು ಮಗಳೇ, ಏಳು. ನಿನ್ನ ಮಂಡಿ ಏನಾಯ್ತೋ. ಈ ಮನುಷ್ಯನಿಗೆ ಬುದ್ಧಿ ಬರೋದಿಲ್ಲ.”

ಡಾರ್ಲೀನ್ ಏಳಲಿಲ್ಲ. ಎಮೆಟ್‌ನ ಮಂಡಿಯ ಮೇಲಿನ ಹೊದಿಕೆಯನ್ನು ಹಿಡಿದುಕೊಂಡಿದ್ದಳು.

“ಅವತ್ತೂ ಗೊತ್ತಾಗಿತ್ತು” ಎಂದಳು.

“ಏನು?”

“ಅವತ್ತು. ಮೊದಲು ತಮಾಷೆ ಅಂದ್ಕೊಂಡೆ, ಅದು ನಿಜ. ಆಮೇಲೆ ಅಲ್ಲ. ಬಾಯಿ ನೋಡಿದೆ, ಕೈ ನೋಡಿದೆ. ಗೊತ್ತಾಯ್ತು. ಗೊತ್ತಾದ ಮೇಲೂ ನಿಂತೇ ಇದ್ದೆ. ಮೇಲೆ ಅವರು ನೋಡ್ತಿದ್ರು. ಕೆಲಸ ಹೋಗ್ತದೆ ಅಂತ. ನಾನು...” ಅಭ್ಯಾಸ ಮಾಡಿದ ಮಾತು ಒಂದೂ ಬರಲಿಲ್ಲ.

ಹತ್ತಿರ ನಿಂತವರ ನಗು ನಿಂತಿತು. ದೂರದವರು ಇನ್ನೂ ನಗುತ್ತಿದ್ದರು.

“ಎಷ್ಟು ಹೊತ್ತು?” ಎಂದಳು ಜೊನೆಟ್ಟ.

“ಇಪ್ಪತ್ತಾರು ಉಸಿರು.”

“ನಂಗೆ ನಿಮಿಷದಲ್ಲಿ ಹೇಳು. ಡಾಕ್ಟರು ನಿಮಿಷದಲ್ಲಿ ಕೇಳಿದ್ದು.”

“ಹತ್ತಿರ ಹತ್ತಿರ ಮೂರು.”

ಜೊನೆಟ್ಟ ಒಂದು ಕೈಯ ಗವುಸು ಬಿಚ್ಚಿದಳು. ಬೆರಳು ಬೆರಳಾಗಿ, ನಿಧಾನವಾಗಿ. “ಮೂರು ನಿಮಿಷ” ಎಂದಳು. “ಮೂರು ನಿಮಿಷದಲ್ಲಿ ಏನು ಉಳೀತಿತ್ತೋ ಏನು ಹೋಗ್ತಿತ್ತೋ ನಂಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಅದನ್ನ ಬಿಡು. ನಾನು ಇಪ್ಪತ್ತು ವರ್ಷ ಇವನನ್ನ ಬೈದಿದೀನಿ ಡಾರ್ಲೀನ್. ಸ್ನಾನ ಮಾಡಿಸ್ತಾ ಬೈದೆ, ಊಟ ಮಾಡಿಸ್ತಾ ಬೈದೆ. ನಿನ್ನ ತಮಾಷೆನೇ ನಿನ್ನನ್ನ ತಿಂತು, ನಿನ್ನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ, ನಿನ್ನ ಕೈಯಾರೆ ಮಾಡ್ಕೊಂಡೆ ಅಂತ. ಪ್ರತಿ ಕ್ರಿಸ್ಮಸ್ಸಿಗೆ ನಿನ್ನ ಕಾರ್ಡು ಬರ್ತಿತ್ತು. ಅದನ್ನ ತೋರಿಸಿ ಬೈತಿದ್ದೆ. ನೋಡು, ಆ ಹುಡುಗಿಗೂ ಎಷ್ಟು ನೋವು ಕೊಟ್ಟೆ ಅಂತ.”

ಡಾರ್ಲೀನ್‌ಗೆ ಇದು ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷ ಅವಳು ಎಣಿಸಿದ್ದು ತನ್ನ ಆ ಮೂರು ನಿಮಿಷವನ್ನು ಮಾತ್ರ. ಆಮೇಲಿನ ಪ್ರತಿಯೊಂದು ದಿನ ಆ ಮನೆಯಲ್ಲಿ ಏನು ನಡೆಯಿತೆಂದು ಯೋಚಿಸಿರಲಿಲ್ಲ. ಅವಳು ಎಮೆಟ್‌ನ ಕಡೆ ನೋಡಿದಳು. ಅವತ್ತು ತೆರೆದಿದ್ದ ಅದೇ ಕಣ್ಣು. ಅವಳಿಗೆ ಗೊತ್ತಾಗಿತ್ತೆಂದು ಅವನಿಗೆ ಮೊದಲಿಂದಲೂ ಗೊತ್ತಿತ್ತು. ಅವನ ಹತ್ತಿರ ಇದ್ದದ್ದು ನಾಲ್ಕು ಮಾತು, ಆ ನಾಲ್ಕರಲ್ಲಿ ಇದನ್ನು ಹೇಳುವುದು ಹೇಗೆ?

“ಮಿಸ್ಟರ್ ಎಮೆಟ್” ಎಂದಳು. ಕ್ಷಮಿಸಿ ಎಂದರೆ, ಆ ಮಾತನ್ನು ಅವನ ಮಂಡಿಯ ಮೇಲೆ ಇಟ್ಟು ಓಡಿಹೋದ ಹಾಗೆ ಅನಿಸಿತು. ಆದರೂ ಹೇಳಿದಳು.

ತನಗೆ ಅರಿವಿಲ್ಲದೆಯೇ ಅವಳು ಉಸಿರೆಣಿಸುತ್ತಿದ್ದಳು. ಹನ್ನೊಂದಕ್ಕೆ ಎಮೆಟ್ ಎಡಗೈಯೆತ್ತಿ ಊಟದ ಮೇಜಿನ ಕಡೆ ತೋರಿಸಿದ.

“ಪೈ” ಎಂದ ಮತ್ತೆ. ಈ ಸಲ ನಗಲಿಲ್ಲ.

ಅವಳು ಎದ್ದು ಕುಂಟುತ್ತ ಹೋದಳು. ಕ್ಯಾಂಟೀನಿನ ಹಳೆಯ ಅಡುಗೆಯವನು ಅವತ್ತಿಗೆಂದೇ ಪೈ ಮಾಡಿದ್ದ. ಅಂಚು ಕಪ್ಪಾಗಿರದ ಒಂದು ತುಂಡನ್ನು ಆರಿಸಿ ತಟ್ಟೆಗೆ ಹಾಕಿಸಿಕೊಂಡಳು. ಚಮಚ ತೆಗೆದುಕೊಂಡಳು. ಮರಳಿ ಬಂದು ಕುರ್ಚಿಯ ಪಕ್ಕ ಬಗ್ಗಿ ಒಂದು ಚೂರು ಕತ್ತರಿಸಹೊರಟಳು.

“ಅಲ್ಲಿಡು” ಎಂದಳು ಜೊನೆಟ್ಟ. ದನಿ ಏರಲಿಲ್ಲ. “ನಾನು ತಿನ್ನಿಸ್ತೀನಿ.”

ಡಾರ್ಲೀನ್ ತಟ್ಟೆಯನ್ನು ಪೀಠದ ಅಂಚಿನಲ್ಲಿಟ್ಟು ಸರಿದಳು. ಜೊನೆಟ್ಟ ಗಾಲಿಕುರ್ಚಿಯನ್ನು ತಿರುಗಿಸಿಕೊಂಡು, ಬೆನ್ನು ಎಲ್ಲರ ಕಡೆ ಮಾಡಿ ಕೂತಳು. ಮೊದಲ ಚಮಚ ಅವನ ಬಾಯಿಗಿಡುವ ಮುಂಚೆ ಅವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನೇರಳೆ ಟೋಪಿ ಅಲುಗುವುದಷ್ಟೇ ಡಾರ್ಲೀನ್‌ಗೆ ಕಂಡಿತು. “ಸರಿ ಸರಿ” ಎನ್ನುವ ಅವನ ದನಿ ಒಂದು ಸಲ ಕೇಳಿತು, ಇನ್ನೊಂದು ಸಲ ಕೇಳಿತು.

ಸಾಲ್ ಹೂಜಿಯ ಚೂರುಗಳನ್ನು ಕಾಲಿನಿಂದ ಒಂದೆಡೆ ಸೇರಿಸುತ್ತಿದ್ದ. ಅವಳ ಕಡೆ ನೋಡಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ.

ಮನೆಗೆ ಹೋಗಿಬಿಡಬೇಕೆನಿಸಿತು. ಬಾಗಿಲವರೆಗೆ ಹೋದಳು ಕೂಡ. ಅಲ್ಲಿಂದ ಮರಳಿ ಬಂದು, ಏನು ಮಾಡಬೇಕೆಂದು ತಿಳಿಯದೆ ಗೋಡೆಯ ಬಳಿ ನಿಂತಿದ್ದ ಓಂಗ್‌ನ ಹತ್ತಿರ ಹೋದಳು.

“ನೀವು ಫಲಕ ತಿದ್ದೋಕೆ ಕಳಿಸಿದ್ರಲ್ಲ. ನಾನು ಸರಿಯಾಗಿ ತಿದ್ದಲಿಲ್ಲ.”

“ಅದು ಅಚ್ಚಾಗಿಬಿಟ್ಟಿದೆ ಮ್ಯಾಮ್.”

“ಈ ಚಿತ್ರದ ಕೆಳಗಿನ ತುಂಡು ನಿಮ್ಮ ಹತ್ರ ಇದೆಯಾ?”

“ಇದೆ. ನೆಲದ ಮೇಲೆ ಯಾರೋ ಬಿದ್ದಿದ್ರು, ಚೆನ್ನಾಗಿ ಕಾಣಲ್ಲ ಅಂತ ತೆಗೆದ್ವಿ.”

“ಅದನ್ನ ಸೇರಿಸಿ” ಎಂದಳು ಡಾರ್ಲೀನ್. “ಪೆನ್ನಿದ್ರೆ ಕೊಡಿ.”

ಅಮೃತಶಿಲೆಯ ಕನ್ಯೆಯ ಕೆಳಗೆ, ಅಚ್ಚಿನ ಸಾಲು ಮುಗಿದ ಕಡೆ, ಎರಡು ಬೆರಳಗಲ ಬಿಳಿ ಜಾಗವಿತ್ತು. ಮೊದಲ ಅಕ್ಷರ ವಕ್ರವಾಯಿತು, ಅದರ ಮೇಲೆ ಇನ್ನೊಂದು ಸಲ ತಿದ್ದಿ ಬರೆದಳು. ‘ಬಿದ್ದವರು ಎಮೆಟ್ ಟಾಲಿವರ್, ಸಾಮಾನು ಹೊರುವವರ ಮೇಸ್ತ್ರಿ. ಅವತ್ತು ಅವರು ತಮಾಷೆ ಮಾಡಿರಲಿಲ್ಲ. ನನಗೆ ಗೊತ್ತಿತ್ತು.’ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಮರಳಿಸಿ, ಚೂರುಗಳನ್ನು ಗುಡಿಸಲು ಪೊರಕೆ ಎಲ್ಲಿದೆಯೆಂದು ಕೇಳಿದಳು.